ಗಾಳಿಯಷ್ಟೇ ಸುಳ್ಳು

ಲಿನಕ್ಸ್ ಕರ್ನಲ್‌ನ ದಾಖಲೆಗಳ ರಾಶಿಯಲ್ಲಿ ಒಂದು ಪುಟ್ಟ ಮಾದರಿ ಕಡತವಿದೆ. ಎಣಿಸಿದರೆ ಒಂದು ಡಜನ್ ಸಾಲು ದಾಟದು. ಇಂಟರ್‌ಫೇಸ್ ಡಬ್ಲ್ಯೂಲ್ಯಾನ್0, ಚಾನೆಲ್ 1, ಜಾಲದ ಹೆಸರು ‘ಮ್ಯಾಕ್80211 ಟೆಸ್ಟ್’, ಭದ್ರತೆ ಡಬ್ಲ್ಯೂಪಿಎ2, ಪಾಸ್‌ವರ್ಡ್ 12345678. ಇಂಥ ಪಾಸ್‌ವರ್ಡ್ ಇಟ್ಟವರಿಗೆ ಬೈಗುಳ ಗ್ಯಾರಂಟಿ. ಇಲ್ಲಿ ಮಾತ್ರ ಯಾರೂ ಬೈಯುವುದಿಲ್ಲ, ಏಕೆಂದರೆ ಈ ವೈಫೈ ಹರಡುವ ರೇಡಿಯೋ ಭೂಮಿಯ ಮೇಲೆ ಎಲ್ಲೂ ಇಲ್ಲ. ಒಂದು ಕಂಪ್ಯೂಟರಿನ ಮೆಮೊರಿಯೊಳಗೆ ಎರಡು ಹುಸಿ ರೇಡಿಯೋಗಳು ಹುಟ್ಟಿ, ಒಂದು ಆಕ್ಸೆಸ್ ಪಾಯಿಂಟ್ ಆಗಿ, ಇನ್ನೊಂದು ಅದಕ್ಕೆ ಸೇರಿಕೊಳ್ಳುವ ಫೋನೋ ಲ್ಯಾಪ್‌ಟಾಪೋ ಆಗಿ, ತಮ್ಮತಮ್ಮಲ್ಲೇ ಗೂಢಲಿಪಿಯಲ್ಲಿ ಮಾತಾಡಿಕೊಳ್ಳುತ್ತವೆ. ಸೋಜಿಗದ ಸಂಗತಿ ಬೇರೆಯೇ ಇದೆ. ಅದೇ ಕಡತವನ್ನು ನಿಜವಾದ ವೈಫೈ ಕಾರ್ಡ್ ಇರುವ ಯಂತ್ರಕ್ಕೆ ಒಯ್ದು, ಬೇಕಿದ್ದರೆ ಇಂಟರ್‌ಫೇಸಿನ ಹೆಸರೊಂದನ್ನು ತಿದ್ದಿ, ಚಾಲೂ ಮಾಡಿದರೆ ಅದೇ ಜಾಲ ಪಕ್ಕದ ಮನೆಯವರ ಫೋನಿನಲ್ಲೂ ಕಾಣಿಸುತ್ತದೆ. ಅನುವಾದವಿಲ್ಲ, ಪರಿವರ್ತನೆಯಿಲ್ಲ.

ಸಹಜವೆಂದು ತೋರುವ ಈ ಅನುಕೂಲ ಸುಮ್ಮನೆ ಬಂದದ್ದಲ್ಲ. 2000ದ ಆಸುಪಾಸಿನಲ್ಲಿ ವೈಫೈ ಜಾಲವನ್ನು ಕಂಪ್ಯೂಟರಿನಲ್ಲಿ ಅಣಕು ಮಾಡಿ ನೋಡಬೇಕೆಂದವರ ಕೈಗೆ ಸಿಗುತ್ತಿದ್ದದ್ದು ಎನ್‌ಎಸ್-2ರಂಥ ಸಿಮ್ಯುಲೇಟರ್. ಒಳಗೆ ಸಿ++, ಹೊರಗೆ ಟಿಸಿಎಲ್ ಭಾಷೆಯ ಸ್ಕ್ರಿಪ್ಟು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಅದಕ್ಕೆ ನಿಸ್ತಂತು ಜಾಲದ ಮಾದರಿಗಳನ್ನು ಸೇರಿಸಿದ ಮೇಲೆ ಸಂಶೋಧನಾ ಪ್ರಬಂಧಗಳ ಹೊಳೆಯೇ ಹರಿಯಿತು. ಆದರೆ ಆ ಸಿಮ್ಯುಲೇಟರ್ ಒಳಗಿದ್ದದ್ದು ವೈಫೈ ಅಲ್ಲ, ವೈಫೈ ಹೀಗೆ ನಡೆದುಕೊಳ್ಳಬಹುದು ಎಂದು ಯಾರೋ ಬರೆದ ವರ್ಣನೆ. ಅಲ್ಲಿ ಹೊಂದಿಸಿದ ಯಾವ ಸಾಲನ್ನೂ ನಿಜವಾದ ಆಕ್ಸೆಸ್ ಪಾಯಿಂಟಿಗೆ ಉಣಿಸಲಾಗುತ್ತಿರಲಿಲ್ಲ. ಪ್ರಬಂಧ ಮುಗಿದ ಮೇಲೆ ಉಪಕರಣಕ್ಕೆ ಇಳಿಸಬೇಕೆಂದರೆ ಮೊದಲಿನಿಂದ ಬರೆಯಬೇಕು.

ಉಪಕರಣಗಳ ಕಡೆಯೂ ಅದೇ ಪಾಡು. 2002ರ ಕೊನೆಗೆ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ-ಕಪ್ಪು ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಅದರೊಳಗೆ ಲಿನಕ್ಸ್ ಓಡುತ್ತಿದೆ ಎಂದು ಮರುವರ್ಷ ಕೆಲವರು ಪತ್ತೆ ಹಚ್ಚಿದರು. ಜಿಪಿಎಲ್ ಪರವಾನಗಿಯ ಒತ್ತಡಕ್ಕೆ ಮಣಿದ ಕಂಪನಿ 2003ರಲ್ಲಿ ಮೂಲ ಸಂಕೇತವನ್ನು ಹೊರಗಿಟ್ಟಿತು, 2004ರಲ್ಲಿ ಅದರ ಮೇಲೆ ಓಪನ್‌ಡಬ್ಲ್ಯೂಆರ್‌ಟಿ ಯೋಜನೆ ಹುಟ್ಟಿತು. ಇಷ್ಟಾದರೂ ವೈಫೈ ಭಾಗ ಮಾತ್ರ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು: ಬ್ರಾಡ್‌ಕಾಮ್ ಡ್ರೈವರು ಬೈನರಿ ರೂಪದಲ್ಲಿ, ಭದ್ರತೆಯ ಕೆಲಸ ನೋಡಿಕೊಳ್ಳುವ ಪ್ರೋಗ್ರಾಮೂ ಹಾಗೆಯೇ. ಸೆಟ್ಟಿಂಗುಗಳೆಲ್ಲ ಎನ್‌ವಿರ್ಯಾಮ್ ಎಂಬ ಸ್ಮೃತಿಯಲ್ಲಿ ಹೆಸರು-ಬೆಲೆ ಜೋಡಿಗಳಾಗಿ ಕೂತಿರುತ್ತಿದ್ದವು. ‘ಡಬ್ಲ್ಯೂಎಲ್0_ಎಸ್‌ಎಸ್‌ಐಡಿ’ ಎಂಬ ಜೋಡಿಗೆ ಆ ಚಿಪ್ಪಿನ ಹೊರಗೆ ಅರ್ಥವೇ ಇರಲಿಲ್ಲ. ಬೇರೆ ಕಂಪನಿಯ ರೌಟರು ಕೊಂಡರೆ ಎಲ್ಲವನ್ನೂ ಹೊಸದಾಗಿ ತುಂಬಬೇಕು.

ಬಿಡುಗಡೆಯ ದಾರಿ ತೆರೆದದ್ದು ಫಿನ್‌ಲ್ಯಾಂಡಿನಲ್ಲಿ, ಬೇರೆ ಯಾವುದೋ ಕೆಲಸದ ನಡುವೆ. 2001ರ ಹೊತ್ತಿಗೆ ಯೌನಿ ಮಾಲಿನೆನ್ ಎಂಬ ಯುವಕ ಇಂಟರ್‌ಸಿಲ್ ಕಂಪನಿಯ ಪ್ರಿಸಂ ಚಿಪ್ಪುಗಳಿಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದರು. ಆಗ ಆಕ್ಸೆಸ್ ಪಾಯಿಂಟ್ ಬೇಕೆಂದರೆ ದುಬಾರಿ ಪೆಟ್ಟಿಗೆಯನ್ನೇ ಕೊಳ್ಳಬೇಕಿತ್ತು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅಗ್ಗದ ಕಾರ್ಡು ಬರಿಯ ಗಿರಾಕಿಯಂತೆ, ಅಂದರೆ ಬೇರೆಯವರ ಜಾಲಕ್ಕೆ ಸೇರುವ ಉಪಕರಣದಂತೆ, ವರ್ತಿಸುತ್ತಿತ್ತು. ಪ್ರಿಸಂ ಫರ್ಮ್‌ವೇರಿನಲ್ಲಿ ಮಾತ್ರ ‘ಹೋಸ್ಟ್ ಎಪಿ’ ಎಂಬ ವಿಧಾನವೊಂದಿತ್ತು. ಅದರಲ್ಲಿ ಕೆಲಸ ಎರಡು ಪಾಲಾಗುತ್ತಿತ್ತು. ತುರ್ತಿನವೆಲ್ಲ ಚಿಪ್ಪಿನ ಪಾಲು: ನಿಗದಿತ ಅಂತರದಲ್ಲಿ ‘ನಾನಿಲ್ಲಿದ್ದೇನೆ’ ಎಂದು ಸಾರುವ ಬೀಕನ್, ಬಂದ ಪ್ರತಿ ಫ್ರೇಮಿಗೂ (ಮಾಹಿತಿಯ ಕಂತಿಗೂ) ‘ಸಿಕ್ಕಿತು’ ಎಂಬ ಉತ್ತರ. ಆ ಉತ್ತರ ಫ್ರೇಮು ಮುಗಿದ 10 ಮೈಕ್ರೋಸೆಕೆಂಡಿಗೆ ಹೊರಡಬೇಕು. ಅಷ್ಟರಲ್ಲಿ ಕಂಪ್ಯೂಟರಿನ ಪ್ರೊಸೆಸರನ್ನು ಎಬ್ಬಿಸಿ ಕೇಳುತ್ತ ಕೂರಲಾಗದು. ಉಳಿದದ್ದೆಲ್ಲ, ಅಂದರೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರ ಗುರುತು ಪರೀಕ್ಷಿಸಬೇಕು, ಯಾವ ಕೀಲಿ ಕೊಡಬೇಕು ಎಂಬ ನಿಧಾನದ ವಿಚಾರಗಳು, ಕಂಪ್ಯೂಟರಿನ ಪಾಲು.

ಈ ಪಾಲು ಹಂಚಿಕೆಯೇ ನಮ್ಮ ಕತೆಯ ಗುಟ್ಟು ಎಂದು ನನ್ನ ಎಣಿಕೆ. ಪರೀಕ್ಷೆಗೆ ಅನುಕೂಲವಾಗಲಿ ಎಂದು ಯಾರೂ ಹೀಗೆ ಸೀಳಲಿಲ್ಲ, ಚಿಪ್ಪಿನ ಮಿತಿಯೇ ಆ ಗೆರೆ ಎಳೆಯಿತು. ಗೆರೆಯ ಮೇಲಿನ ಕೆಲಸಕ್ಕೆ ಮಾಲಿನೆನ್ ಬರೆದ ಪ್ರೋಗ್ರಾಮೇ ಹೋಸ್ಟ್‌ಎಪಿಡಿ. ಅದು ಕರ್ನಲ್ಲಿನ ಹೊರಗೆ, ಸಾಮಾನ್ಯ ಪ್ರೋಗ್ರಾಮಿನಂತೆ ಓಡುತ್ತದೆ, ತನ್ನ ಮಾತನ್ನೆಲ್ಲ ಒಂದು ಪಠ್ಯ ಕಡತದಿಂದ ಓದಿಕೊಳ್ಳುತ್ತದೆ. ಅದರಲ್ಲಿ ‘ಡ್ರೈವರ್’ ಎಂದೊಂದು ಸಾಲು. ಪ್ರಿಸಂ ಕಾರ್ಡಿದ್ದರೆ ಹೋಸ್ಟ್‌ಎಪಿ ಎಂದು, ಎಥೆರಾಸ್ ಕಾರ್ಡಿದ್ದರೆ ಮ್ಯಾಡ್‌ವೈಫೈ ಎಂದು ಬರೆಯಬೇಕು. ಹೀಗೆ ಕಡತ ಬಹುಪಾಲು ಒಂದೇ ಆಗಿ, ಕೆಳಗಿನ ಯಂತ್ರಾಂಶದ ಕಡೆಗೆ ಬಾಗಿಲು ಮಾತ್ರ ಬೇರೆಬೇರೆಯಾಯಿತು.

ಆ ಬಾಗಿಲುಗಳೂ ಒಂದಾಗಲು ಕೆಲವು ವರ್ಷ ಹಿಡಿಯಿತು. 2006ರಲ್ಲಿ ಡಿವೈಸ್‌ಸ್ಕೇಪ್ ಎಂಬ ಕಂಪನಿ ತನ್ನ ವೈಫೈ ಸಾಫ್ಟ್‌ವೇರನ್ನು ಜಿಪಿಎಲ್ ಅಡಿ ಲಿನಕ್ಸಿಗೆ ಕೊಟ್ಟಿತು. ಮಾಲಿನೆನ್ ಆಗ ಅಲ್ಲಿಯೇ ಕೆಲಸದಲ್ಲಿದ್ದರು. ಆ ಸಾಫ್ಟ್‌ವೇರು ತಿದ್ದುಪಡಿಗಳ ಬಳಿಕ ಮ್ಯಾಕ್80211 ಎಂಬ ಹೆಸರಿನಲ್ಲಿ 2007ರ ಜುಲೈಯಲ್ಲಿ, 2.6.22 ಕರ್ನಲ್‌ನೊಂದಿಗೆ ಬಂತು. ಅಲ್ಲಿಯವರೆಗೆ ಪ್ರತಿ ಡ್ರೈವರೂ ವೈಫೈ ನಿಯಮಗಳನ್ನು ತನ್ನದೇ ರೀತಿಯಲ್ಲಿ ಬರೆದುಕೊಳ್ಳುತ್ತಿತ್ತು. ಇನ್ನು ಮುಂದೆ ಅವೆಲ್ಲ ನಡುವಿನ ಒಂದೇ ಪದರದಲ್ಲಿ, ಡ್ರೈವರಿಗೆ ಉಳಿದದ್ದು ‘ಈ ಫ್ರೇಮ್ ಕಳಿಸು, ಈ ಚಾನೆಲ್ಲಿಗೆ ಹೋಗು’ ಎಂಬಷ್ಟು ಕೂಲಿ. ಜರ್ಮನಿಯ ಯೊಹಾನೆಸ್ ಬೆರ್ಗ್ ಈ ಪದರದ ಉಸ್ತುವಾರಿ ಹೊತ್ತರು. ಕರ್ನಲ್ಲಿಗೂ ಹೊರಗಿನ ಪ್ರೋಗ್ರಾಮುಗಳಿಗೂ ನಡುವೆ ಎನ್‌ಎಲ್80211 ಎಂಬ ಒಂದೇ ಮಾತುಕತೆಯ ದಾರಿ ಬಂತು. ಹೋಸ್ಟ್‌ಎಪಿಡಿ ಕಡತದ ‘ಡ್ರೈವರ್’ ಸಾಲಿನಲ್ಲಿ ಇಂದು ಬಹುತೇಕ ಎಲ್ಲರೂ ಬರೆಯುವುದು ಇದನ್ನೇ.

ಇಷ್ಟು ಸಿದ್ಧವಾದ ಮೇಲೆ 2008ರಲ್ಲಿ ಮಾಲಿನೆನ್ ಮಾಡಿದ ಕೆಲಸ ಗಾತ್ರದಲ್ಲಿ ಚಿಕ್ಕದು, ಗುರಿಯಲ್ಲಿ ಚುರುಕು. ಅವರು ಮತ್ತೊಂದು ಡ್ರೈವರ್ ಬರೆದರು, ಇಲ್ಲದ ಯಂತ್ರಾಂಶಕ್ಕೆ. ಹೆಸರು ಮ್ಯಾಕ್80211_ಎಚ್‌ಡಬ್ಲ್ಯೂಸಿಮ್. ಆ ಮಾಡ್ಯೂಲನ್ನು ಕರ್ನಲ್ಲಿಗೆ ಸೇರಿಸಿದರೆ ಎರಡು ರೇಡಿಯೋ ಪ್ರತ್ಯಕ್ಷವಾಗುತ್ತವೆ, ನೂರು ಬೇಕೆಂದರೆ ನೂರು. ಅವುಗಳ ವಿಳಾಸ 02:00:00:00:00:00, 02:00:00:00:01:00 ಎಂದು ಸಾಗುತ್ತದೆ. ಮೊದಲ 02 ಇದು ಯಾವ ಕಾರ್ಖಾನೆಯೂ ಕೊಟ್ಟ ವಿಳಾಸವಲ್ಲ ಎನ್ನುವುದರ ಗುರುತು. ಒಂದು ರೇಡಿಯೋ ಫ್ರೇಮ್ ಕಳಿಸಿದಾಗ ಡ್ರೈವರ್ ಮಾಡುವುದಿಷ್ಟೇ: ಅದೇ ಚಾನೆಲ್ಲಿನಲ್ಲಿ ಎಚ್ಚರವಾಗಿರುವ ಉಳಿದ ಎಲ್ಲ ರೇಡಿಯೋಗಳಿಗೂ ಅದರ ನಕಲನ್ನು ಹಂಚುತ್ತದೆ. ಗೂಢಲಿಪೀಕರಣ ಮೇಲಿನ ಪದರದಲ್ಲಿ ನಿಜವಾಗಿಯೇ ನಡೆಯುತ್ತದೆ. ಆದ್ದರಿಂದ ಕದ್ದು ಕೇಳಲೆಂದೇ ಇಟ್ಟಿರುವ ಹೆಚ್ಚುವರಿ ಇಂಟರ್‌ಫೇಸಿನಲ್ಲಿ ಇಣುಕಿದರೂ ಕಾಣುವುದು ಗೂಢಲಿಪಿಯೇ.

ಹೊಸ ಸಬ್‌ಮರ್ಸಿಬಲ್ ಮೋಟಾರನ್ನು ಕೊಳವೆಬಾವಿಗೆ ಇಳಿಸುವ ಮುನ್ನ ಅಂಗಡಿಯವನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಓಡಿಸುತ್ತಾನಲ್ಲ, ಇದೂ ಹಾಗೆಯೇ. ಮೋಟಾರು ನಿಜ, ವಿದ್ಯುತ್ತು ನಿಜ, ಆಳವೊಂದೇ ಸುಳ್ಳು. ಹಳೆಯ ಸಿಮ್ಯುಲೇಟರುಗಳು ಇಡೀ ವೈಫೈಯನ್ನು ಸುಳ್ಳಾಗಿಸಿದ್ದವು. ಮಾಲಿನೆನ್ ಸುಳ್ಳನ್ನು ತಳಕ್ಕೆ, ಗಾಳಿ ಇರಬೇಕಾದ ಒಂದೇ ಜಾಗಕ್ಕೆ ಒತ್ತಿಬಿಟ್ಟರು. ಅದರ ಮೇಲಿರುವ ಮ್ಯಾಕ್80211, ಎನ್‌ಎಲ್80211, ಹೋಸ್ಟ್‌ಎಪಿಡಿ ಎಲ್ಲವೂ ನಿಜದವೇ, ಒಂದು ಅಕ್ಷರವೂ ಬದಲಾಗದವು. ಸಂರಚನಾ ಕಡತ ಮಾತಾಡುವುದು ಹೋಸ್ಟ್‌ಎಪಿಡಿಯ ಜೊತೆಗೆ ಮಾತ್ರ. ಕೆಳಗಿರುವುದು ತಾಮ್ರವೋ ಬರೀ ಮೆಮೊರಿಯೋ ಅದಕ್ಕೆ ಗೊತ್ತಾಗುವುದಿಲ್ಲ. ಮರುಬಳಕೆಗೆಂದು ಯಾರೂ ಯಾವ ಸೌಲಭ್ಯವನ್ನೂ ಕಟ್ಟಲಿಲ್ಲ. ಸುಳ್ಳು ಸರಿಯಾದ ಜಾಗದಲ್ಲಿದ್ದುದರಿಂದ ಅದು ತಾನಾಗಿ ಒದಗಿತು.

ಎಚ್‌ಡಬ್ಲ್ಯೂಸಿಮ್ ಸೇರಿದ್ದು 2008ರ ಅಕ್ಟೋಬರಿನಲ್ಲಿ ಬಂದ 2.6.27 ಕರ್ನಲ್ಲಿಗೆ. ಮುಂದೆ ಅಸಂಖ್ಯ ರೌಟರುಗಳಲ್ಲಿ ದುಡಿದ ಎಥೆರಾಸ್ ಚಿಪ್ಪುಗಳ ಎಟಿಎಚ್9ಕೆ ಡ್ರೈವರ್ ಬಂದದ್ದೂ ಅದೇ ಆವೃತ್ತಿಯಲ್ಲಿ. ಅಪ್ಪಟ ಯಂತ್ರಾಂಶದ್ದೊಂದು, ಯಂತ್ರಾಂಶವೇ ಇಲ್ಲದ್ದೊಂದು, ಎರಡೂ ಮೇಲಿನ ಪದರದ ಕಣ್ಣಿಗೆ ಸರಿಸಮಾನ.

ಆದರೂ ಗಾಳಿ ಗಾಳಿಯೇ. ಎಚ್‌ಡಬ್ಲ್ಯೂಸಿಮ್ ಜಗತ್ತಿನಲ್ಲಿ ಗೋಡೆಯಿಲ್ಲ, ಮೈಕ್ರೋವೇವ್ ಒಲೆಯಿಲ್ಲ, ನೆರೆಮನೆಯ ರೌಟರಿಲ್ಲ. ಒಂದು ಕಾಲಕ್ಕೆ ಈ ಡ್ರೈವರಿನ ಸಂಕೇತದಲ್ಲಿ ಪ್ರತಿ ಫ್ರೇಮಿನ ಬಲವೂ ಮೈನಸ್ 50 ಎಂದು ಕಣ್ಣುಮುಚ್ಚಿ ಬರೆದಿತ್ತು, ‘ನಿಜವಾದ ಬಲವನ್ನು ಅಣಕಿಸುವುದು ಬಾಕಿ’ ಎಂಬರ್ಥದ ಟಿಪ್ಪಣಿಯೊಂದಿಗೆ. ಪ್ರಾಮಾಣಿಕವಾದ ಟಿಪ್ಪಣಿ. ಮೆಶ್ ಜಾಲಗಳ ಮೇಲೆ ದುಡಿಯುತ್ತಿದ್ದ ಕೋಜಿಬಿಟ್ ಎಂಬ ಸಂಸ್ಥೆಯವರಿಗೆ ಇದು ಸಾಲಲಿಲ್ಲ. ಎಲ್ಲರೂ ಎಲ್ಲರಿಗೂ ಕೇಳಿಸುವ ಗಾಳಿಯಲ್ಲಿ ಮೆಶ್ ಪರೀಕ್ಷಿಸುವುದಾದರೂ ಹೇಗೆ? ಒಬ್ಬರ ಮಾತು ಇನ್ನೊಬ್ಬರಿಗೆ ತಲುಪದಿದ್ದಾಗ ತಾನೇ ನಡುವಿನವನ ಕೆಲಸ? 2011ರಲ್ಲಿ ಅವರು ಎಚ್‌ಡಬ್ಲ್ಯೂಸಿಮ್‌ಗೆ ಒಂದು ಕಿಟಕಿ ಕೊರೆದರು. ಫ್ರೇಮುಗಳು ನೇರವಾಗಿ ನಕಲಾಗದೆ ಕರ್ನಲ್ಲಿನ ಹೊರಗಿನ ಪ್ರೋಗ್ರಾಮೊಂದರ ಕೈದಾಟಿ ಹೋಗುವಂತಾಯಿತು. ಡಬ್ಲ್ಯೂಮೀಡಿಯಂಡಿ ಎಂಬ ಆ ಪ್ರೋಗ್ರಾಮನ್ನು ಆಮೇಲೆ ಬಾಬ್ ಕೋಪ್‌ಲ್ಯಾಂಡ್ ಬೆಳೆಸಿದರು. ಯಾವ ಇಬ್ಬರ ನಡುವೆ ಎಷ್ಟು ಗದ್ದಲ, ಎಷ್ಟು ಫ್ರೇಮು ಕಳೆದುಹೋಗಬೇಕು ಎಂಬುದನ್ನೆಲ್ಲ ಅಲ್ಲಿ ಬರೆದಿಡಬಹುದು. ಗಮನಿಸಬೇಕಾದದ್ದು, ಗೋಡೆಗಳ ಈ ವಿವರ ಬೇರೆಯೇ ಕಡತಕ್ಕೆ ಹೋಯಿತು. ಆಕ್ಸೆಸ್ ಪಾಯಿಂಟಿನ ಕಡತವನ್ನು ಯಾರೂ ಮುಟ್ಟಲಿಲ್ಲ.

ಇನ್ನು ಹುಸಿಯಿಂದ ನಿಜಕ್ಕೆ ಇಳಿಯುವ ಗಳಿಗೆ. ಬಳಸಿದವರಿಗೆ ಗೊತ್ತು, ಕಡತ ಹಾಗೇ ಒಯ್ದರೆ ಹತ್ತಕ್ಕೆ ಹತ್ತು ಸಲವೂ ಓಡುತ್ತದೆ ಎನ್ನುವಂತಿಲ್ಲ. ಎಡವುವ ಜಾಗಗಳು ಮಾತ್ರ ಮತ್ತೆ ಮತ್ತೆ ಅವೇ. ಎಚ್‌ಡಬ್ಲ್ಯೂಸಿಮ್ ಉದಾರಿ: 40 ಮೆಗಾಹರ್ಟ್ಸ್ ಅಗಲ ಕೇಳಿ, ಫ್ರೇಮಿನೊಳಗಿನ ಸಿಂಬಲ್ಲುಗಳ ನಡುವಿನ ಕಿರು ಅಂತರ ಕೇಳಿ, ಎಲ್ಲಕ್ಕೂ ಹೂಂಗುಟ್ಟುತ್ತದೆ. ಎಚ್‌ಟಿ_ಕ್ಯಾಪ್ಯಾಬ್ ಸಾಲಿನಲ್ಲಿ ಇವನ್ನೆಲ್ಲ ಸಾಲಾಗಿ ಬರೆದು ಅಲ್ಲಿ ಗೆದ್ದ ಕಡತವನ್ನು ಬಡ ಯುಎಸ್‌ಬಿ ಡಾಂಗಲ್ಲಿಗೆ ಕೊಟ್ಟರೆ ಹೋಸ್ಟ್‌ಎಪಿಡಿ ‘ಈ ಸಾಮರ್ಥ್ಯ ಡ್ರೈವರಿಗಿಲ್ಲ’ ಎಂದು ಹೇಳಿ ನಿಂತೇಬಿಡುತ್ತದೆ. ನನಗಿದು ಒಳ್ಳೆಯ ಗುಣವೆಂದೇ ತೋರುತ್ತದೆ, ಸದ್ದಿಲ್ಲದೆ ಅರ್ಧಂಬರ್ಧ ಓಡುವುದಕ್ಕಿಂತ. 2.4 ಗಿಗಾಹರ್ಟ್ಸ್‌ನಲ್ಲಿ ಇನ್ನೊಂದು ಬಗೆ. ಅಗಲವಾದ ಚಾನೆಲ್ ಕೇಳಿದಾಗ ಹೋಸ್ಟ್‌ಎಪಿಡಿ ಮೊದಲು ಸುತ್ತಮುತ್ತಲಿನ ಜಾಲಗಳನ್ನು ಆಲಿಸುತ್ತದೆ, ನೆರೆಯವರು ಅಡ್ಡ ಬರುತ್ತಿದ್ದರೆ ತಾನೇ 20 ಮೆಗಾಹರ್ಟ್ಸ್‌ಗೆ ಕುಗ್ಗುತ್ತದೆ. ಹುಸಿ ಲೋಕದಲ್ಲಿ ನೆರೆಯವರೇ ಇಲ್ಲ. ಅದೇ ಕಡತ ಅಪಾರ್ಟ್‌ಮೆಂಟಿನಲ್ಲಿ ಅರ್ಧ ವೇಗ ಕೊಟ್ಟರೆ ತಪ್ಪು ಕಡತದ್ದಲ್ಲ.

ಕಾನೂನು ಇನ್ನೂ ಬಿಗಿ. ಹುಸಿ ರೇಡಿಯೋ ಏನನ್ನೂ ಹೊರಸೂಸದ ಕಾರಣ ಯಾವ ದೇಶದ ಕಾನೂನೂ ಅದಕ್ಕೆ ತಾಗದು, ಆದರೂ ಕರ್ನಲ್ ಚಾನೆಲ್‌ಗಳ ನಿಯಮವನ್ನು ಅದಕ್ಕೂ ಹಚ್ಚುತ್ತದೆ. ನಿಜದ ಕಾರ್ಡಿಗೂ ದೇಶ ಹೇಳದಿದ್ದರೆ ಅದು ಎಲ್ಲ ದೇಶಕ್ಕೂ ಒಪ್ಪುವ ಕಟ್ಟುನಿಟ್ಟಿನ ಪಟ್ಟಿಯನ್ನು ಹಿಡಿದು ಕೂರುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಏಳುವುದೇ ಇಲ್ಲ. ಇಲ್ಲಿನವರು ಕಂಟ್ರಿ_ಕೋಡ್ ಸಾಲಿನಲ್ಲಿ ಐಎನ್ ಎಂದು ಬರೆದರೆ ಬಾಗಿಲು ತೆರೆಯುತ್ತದೆ. ಆ ಪಟ್ಟಿಯಲ್ಲಿ ಕೆಲವು ಚಾನೆಲ್‌ಗಳು ರೇಡಾರಿನೊಂದಿಗೆ ಹಂಚಿಕೊಂಡವು. ಅಲ್ಲಿ ಪ್ರಸಾರ ಶುರುಮಾಡುವ ಮುನ್ನ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟಿರಬೇಕು. ಯುರೋಪಿನಲ್ಲಿ ಹವಾಮಾನ ರೇಡಾರಿನ ಪಟ್ಟಿಯಾದರೆ 10 ನಿಮಿಷ. ನಡುವೆ ರೇಡಾರು ಕೇಳಿಸಿದರೆ ಜಾಗ ಖಾಲಿ ಮಾಡಬೇಕು. ಈ ಜಾಗ ಖಾಲಿ ಮಾಡುವ ಸಂಕೇತ ಸರಿಯಿದೆಯೇ ಎಂದು ಪರೀಕ್ಷಿಸಲು ವಿಮಾನ ನಿಲ್ದಾಣದ ಪಕ್ಕ ಹೋಗಿ ಕೂರುವುದು ಆಗದ ಮಾತು. ಎಚ್‌ಡಬ್ಲ್ಯೂಸಿಮ್‌ನಲ್ಲಿ ಅದಕ್ಕೊಂದು ಕಡತವಿದೆ. ಅದರಲ್ಲಿ 1 ಎಂದು ಬರೆದರೆ ಸಾಕು, ರೇಡಾರು ಬಂದೇ ಬಂತು. ಹುಸಿ ಉಪಕರಣ ನಿಜದ್ದಕ್ಕಿಂತ ಒಂದು ಕೈ ಮೇಲಾಗುವ ಅಪರೂಪದ ಜಾಗ ಇದು.

ಚಿಪ್ಪಿನೊಳಗಿನ ಜಾತಿಭೇದವನ್ನೂ ಹೇಳಬೇಕು. ಕೆಲವು ಚಿಪ್ಪುಗಳು, ರಾಸ್ಪ್‌ಬೆರಿ ಪೈ ಒಳಗಿನವೂ ಸೇರಿ, ಮ್ಯಾಕ್80211ರ ಹಂಗಿಲ್ಲದೆ ಅದರ ಕೆಲಸವನ್ನೆಲ್ಲ ತಮ್ಮ ಫರ್ಮ್‌ವೇರಿನಲ್ಲೇ ಮುಗಿಸಿಕೊಳ್ಳುತ್ತವೆ. ಹೋಸ್ಟ್‌ಎಪಿಡಿ ಅಲ್ಲೂ ಮಾತಾಡಬಲ್ಲದು, ಆದರೆ ಹುಸಿಯಲ್ಲಿ ಪರೀಕ್ಷಿಸಿದ ಪದರವೇ ಅಲ್ಲಿಲ್ಲ. ಆ ಬಗೆಯ ಚಿಪ್ಪಿನ ಮಟ್ಟಿಗೆ, ಹುಸಿಯಲ್ಲಿ ಕಡತ ಓಡಿತು ಅಂದರೆ ಅದು ಅರ್ಧ ಪುರಾವೆ ಮಾತ್ರ.

ಈ ಎಡವುಗಳಿಗೆಲ್ಲ ನನಗೆ ಹಿಡಿಸಿದ ಮದ್ದು ಓಪನ್‌ಡಬ್ಲ್ಯೂಆರ್‌ಟಿಯವರದು. 2007ರ ಕಮಿಕಾಜೆ ಆವೃತ್ತಿಯಲ್ಲಿ ಅವರು ಎನ್‌ವಿರ್ಯಾಮ್ ಬಿಟ್ಟು ಪಠ್ಯ ಕಡತಗಳಿಗೆ ಬಂದರು. ವೈಫೈಯದು ಎರಡು ತುಂಡು. ‘ವೈಫೈ-ಡಿವೈಸ್’ ಎಂಬುದು ರೇಡಿಯೋದ ಪಾಲು: ಅದು ಯಂತ್ರದಲ್ಲಿ ಎಲ್ಲಿ ಕೂತಿದೆ, ಯಾವ ಚಾನೆಲ್, ಯಾವ ದೇಶ. ‘ವೈಫೈ-ಐಫೇಸ್’ ಎಂಬುದು ಜಾಲದ ಪಾಲು: ಹೆಸರು, ಪಾಸ್‌ವರ್ಡ್, ಭದ್ರತೆ. ಮೊದಲ ತುಂಡನ್ನು ಉಪಕರಣ ತನ್ನನ್ನು ತಾನೇ ನೋಡಿಕೊಂಡು ಬರೆದುಕೊಳ್ಳುತ್ತದೆ. ಎರಡನೆಯದನ್ನು ನಾವು ಊರೂರಿಗೆ ಒಯ್ಯಬಹುದು. ಸಾಮರ್ಥ್ಯಗಳ ಉದ್ದ ಪಟ್ಟಿಯನ್ನು ಬಳಕೆದಾರ ಬರೆಯುವುದೇ ಇಲ್ಲ. ‘ಎಚ್‌ಟಿ40’ ಎಂಬ ಆಸೆಯೊಂದನ್ನು ಹೇಳುತ್ತಾನೆ. ಹಿನ್ನೆಲೆಯ ಸ್ಕ್ರಿಪ್ಟು ಕಾರ್ಡನ್ನು ‘ನಿನಗೇನೇನು ಬರುತ್ತದೆ?’ ಎಂದು ಕೇಳಿ, ಬರುವಷ್ಟನ್ನು ಮಾತ್ರ ಆರಿಸಿ, ಹೋಸ್ಟ್‌ಎಪಿಡಿಗೆ ಬೇಕಾದ ಕಡತವನ್ನು ಆ ಕ್ಷಣದಲ್ಲಿ ತಾನೇ ಬರೆದುಕೊಡುತ್ತದೆ. ಅದು ಉದಾರಿ ಎಚ್‌ಡಬ್ಲ್ಯೂಸಿಮ್ ಆದರೂ ಸರಿ, ಜಿಪುಣ ಡಾಂಗಲ್ ಆದರೂ ಸರಿ. ಮರುಬಳಕೆಯ ಚರ್ಚೆಗಳಲ್ಲಿ ಜನ ಕಡತವನ್ನು ನಕಲಿಸುವ ಉಪಾಯವನ್ನೇ ಹುಡುಕುತ್ತಾರೆ. ಇಲ್ಲಿ ಗೆದ್ದದ್ದು ಯಾವ ಸಾಲು ಯಾರದು ಎಂದು ಪಾಲು ಮಾಡಿದ್ದು.

ವಿಶ್ವವಿದ್ಯಾಲಯಗಳಿಗೂ ಇದು ತಲುಪಿತು. ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಮಿನಿನೆಟ್ ಒಂದು ಲ್ಯಾಪ್‌ಟಾಪಿನೊಳಗೆ ತಂತಿಯ ಜಾಲವನ್ನು ಕಟ್ಟಿ ಕೊಡುತ್ತಿತ್ತು. ಬ್ರೆಜಿಲ್ಲಿನ ಕಂಪಿನಾಸ್ ವಿಶ್ವವಿದ್ಯಾಲಯದಲ್ಲಿ ರಾಮನ್ ಫೊಂಟೆಸ್, ಕ್ರಿಶ್ಚಿಯನ್ ರೊಥೆನ್‌ಬರ್ಗ್ ಮತ್ತು ಸಂಗಡಿಗರು 2015ರಲ್ಲಿ ಅದಕ್ಕೆ ವೈಫೈ ಸೇರಿಸಿದಾಗ ಹೊಸ ಸಿಮ್ಯುಲೇಟರ್ ಬರೆಯಲು ಹೋಗಲಿಲ್ಲ, ಎಚ್‌ಡಬ್ಲ್ಯೂಸಿಮ್ ಮತ್ತು ಹೋಸ್ಟ್‌ಎಪಿಡಿಯನ್ನೇ ತಳಪಾಯ ಮಾಡಿಕೊಂಡರು. ಮಿನಿನೆಟ್-ವೈಫೈ ಎಂಬ ಈ ಸಲಕರಣೆಯಲ್ಲಿ ಹುಸಿ ರೇಡಿಯೋಗಳ ಪಕ್ಕದಲ್ಲೇ ನಿಜವಾದ ಕಾರ್ಡನ್ನು ಸಿಕ್ಕಿಸಿ ಎರಡನ್ನೂ ಒಂದೇ ಜಾಲದಲ್ಲಿ ಕೂರಿಸಿ ತೋರಿಸಿದರು.

ಮಾಲಿನೆನ್ ತಮ್ಮ ಮನೆಯ ಕೆಲಸಕ್ಕೂ ಇದನ್ನೇ ನೆಚ್ಚಿಕೊಂಡರು. ಹೋಸ್ಟ್‌ಎಪಿಡಿಯ ಸಂಕೇತದ ಜೊತೆಗೇ ಇರುವ ಪರೀಕ್ಷಾ ಸಂಗ್ರಹ ಇಂದು ಸಾವಿರದ ಗಡಿಯನ್ನು ಎಂದೋ ದಾಟಿದೆ. ಪ್ರತಿ ಪರೀಕ್ಷೆಯೂ ಹುಸಿ ರೇಡಿಯೋಗಳ ಮೇಲೆ ಆಕ್ಸೆಸ್ ಪಾಯಿಂಟನ್ನು ಎಬ್ಬಿಸಿ, ಗಿರಾಕಿಯನ್ನು ಸೇರಿಸಿ, ಬೇಕಾದರೆ ತಪ್ಪು ಫ್ರೇಮು ಕಳಿಸಿ ನೋಡುತ್ತದೆ. ಆದರೂ 2017ರ ಅಕ್ಟೋಬರ್ 16ರಂದು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮಾಥಿ ವಾನ್‌ಹೂಫ್ ಡಬ್ಲ್ಯೂಪಿಎ2 ಭದ್ರತೆಯ ‘ಕ್ರ್ಯಾಕ್’ ದೋಷವನ್ನು ಹೊರಗೆಡವಿದಾಗ ಹೋಸ್ಟ್‌ಎಪಿಡಿಯ ಒಡಹುಟ್ಟಾದ, ಗಿರಾಕಿಯ ಕಡೆ ಓಡುವ ಡಬ್ಲ್ಯೂಪಿಎ ಸಪ್ಲಿಕಂಟ್ ಅತಿ ಕೆಟ್ಟ ಏಟು ತಿಂದವುಗಳಲ್ಲಿ ಒಂದು. ಅದರ 2.4 ಮತ್ತು 2.5 ಆವೃತ್ತಿಗಳು ಕೀಲಿ ಒಪ್ಪಿಕೊಳ್ಳುವ ‘ಕೈಕುಲುಕಾಟ’ದ ಮೂರನೆಯ ಸಂದೇಶ ಮರಳಿ ಬಂದರೆ ಬರೀ ಸೊನ್ನೆಗಳ ಕೀಲಿಯನ್ನು ಹಾಕಿಕೊಳ್ಳುತ್ತಿದ್ದವು. ವಾನ್‌ಹೂಫ್ ಕ್ರ್ಯಾಕ್ ದೋಷದ ಸುಳಿವು ಹಿಡಿದದ್ದು ಬೇರೊಂದು ಪ್ರಬಂಧದ ಕೊನೆಯ ತಿದ್ದುಪಡಿಯ ಹೊತ್ತಿಗೆ, ಓಪನ್‌ಬಿಎಸ್‌ಡಿಯ ಸಂಕೇತವನ್ನು ಓದುತ್ತ. ಹುಸಿ ಗಾಳಿಯಲ್ಲಿ ಓಡುತ್ತಿದ್ದದ್ದೂ ಅದೇ ದೋಷದ ಸಂಕೇತವೇ.  ಎಚ್‌ಡಬ್ಲ್ಯೂಸಿಮ್ ಸಂರಚನೆಯನ್ನಷ್ಟೇ ಅಲ್ಲ, ದೋಷಗಳನ್ನೂ ನಿಷ್ಠೆಯಿಂದ ಎರಡೂ ಕಡೆ ಒಯ್ಯುತ್ತದೆ. ಪರೀಕ್ಷೆಯ ಕಡೆಯಿಂದ ನೋಡಿದರೆ ಇದು ಅದರ ಹೊಗಳಿಕೆಯೇ.

ಆಮೇಲಿನ ಸುಧಾರಣೆಗಳಲ್ಲಿ ಎರಡನ್ನು ಹೇಳಬೇಕು. 2019ರಲ್ಲಿ ಬೆರ್ಗ್ ಲಿನಕ್ಸ್ ಕರ್ನಲ್ಲನ್ನೇ ಸಾಮಾನ್ಯ ಪ್ರೋಗ್ರಾಮಿನಂತೆ ಓಡಿಸುವ ಬಳಕೆದಾರ-ಮಟ್ಟದ ಲಿನಕ್ಸಿಗೆ ‘ಕಾಲಪ್ರಯಾಣ’ ಎಂಬ ವಿಧಾನ ಸೇರಿಸಿದರು. ಎಲ್ಲರೂ ಕಾಯುತ್ತ ಕೂತಿದ್ದಾರೆ ಎಂದಾಗ ಒಳಗಿನ ಗಡಿಯಾರವೇ ಮುಂದಿನ ಘಟನೆಗೆ ಜಿಗಿಯುತ್ತದೆ. ರೇಡಾರಿಗಾಗಿ ಕಾಯುವ ನಿಮಿಷ ಪರೀಕ್ಷೆಯಲ್ಲಿ ಕಣ್ಣೆವೆ ಮುಚ್ಚುವಷ್ಟರಲ್ಲಿ ಮುಗಿಯುತ್ತದೆ. ಕಡತದಲ್ಲಿ ಕಾಯುವ ಅವಧಿಯನ್ನು ಯಾರೂ ತಿದ್ದಬೇಕಾಗಿಲ್ಲ.

ಇನ್ನೊಂದು ಗೂಗಲ್‌ನ ಕಟಲ್‌ಫಿಶ್ ಎಂಬ ಹುಸಿ ಆಂಡ್ರಾಯ್ಡ್ ಫೋನು. ಆ ಫೋನು ಸೇರಿಕೊಳ್ಳಲು ಒಂದು ಆಕ್ಸೆಸ್ ಪಾಯಿಂಟ್ ಬೇಕಲ್ಲ? ಅದಕ್ಕೆಂದು ಪಕ್ಕದಲ್ಲೇ ಇನ್ನೊಂದು ವರ್ಚುವಲ್ ಯಂತ್ರ ಓಡುತ್ತದೆ, ಅದರೊಳಗೆ ಓಪನ್‌ಡಬ್ಲ್ಯೂಆರ್‌ಟಿ, ಎರಡರ ನಡುವಿನ ಗಾಳಿಯ ಕೆಲಸ ಡಬ್ಲ್ಯೂಮೀಡಿಯಂಡಿಗೆ. ಫೋನು ಹುಸಿ, ರೌಟರು ಹುಸಿ, ನಡುವಿನ ದೂರ ಕಡತದಲ್ಲಿ ಬರೆದ ಅಂಕಿ. ಆ ರೌಟರಿನ ವೈಫೈ ಸಂರಚನೆ ಮಾತ್ರ ಅಂಗಡಿಯಲ್ಲಿ ಸಿಗುವ ರೌಟರಿಗೆ ಓಪನ್‌ಡಬ್ಲ್ಯೂಆರ್‌ಟಿ ಹಾಕಿದವರು ದಿನವೂ ತಿದ್ದುವ ಅದೇ ‘ವೈಫೈ-ಡಿವೈಸ್’, ‘ವೈಫೈ-ಐಫೇಸ್’ ತುಂಡುಗಳದ್ದು.